ಅಳೆದಿಲ್ಲ

ನ್ಯಾಕ್ ತಂಡ ಬರಲು ಇನ್ನು ಹದಿನಾಲ್ಕು ದಿನ.
ಕೋಡಿಬಾಗದ ನಮ್ಮ ಕಡಲ ಜೀವಶಾಸ್ತ್ರ ವಿಭಾಗಕ್ಕೆ
ಸುಣ್ಣ ಬಳಿಯುತ್ತಿದ್ದಾರೆ. ಉಪ್ಪುಗಾಳಿ ತಿಂದ ಸರಳುಗಳಿಗೆ
ಹಸಿರು ಬಣ್ಣ, ತುಕ್ಕಿನ ಮೇಲೆಯೇ.
ಗುಣಮಟ್ಟ ಕೋಶದ ಸಂಚಾಲಕಿ ನಾನು,
ಸಭೆಗೆ ತಡವಾಗಿ ಹೋದದ್ದಕ್ಕೆ ಆದವಳು.

ಆರನೇ ಮಾನದಂಡ, ಮೂರನೇ ಕಲಂ:
'ಸಿಬ್ಬಂದಿಯ ಬದ್ಧತೆ. ಪುರಾವೆ ಲಗತ್ತಿಸಿ.'
ಲಗತ್ತಿಸಲು ಏನಿದೆ?
ಬೆರಳಚ್ಚಿನ ಹಾಜರಿ ಯಂತ್ರ ಇದೆ,
ಮೀನು ಕೊಯ್ದ ಬೆರಳನ್ನು ಅದು ಗುರುತಿಸುವುದಿಲ್ಲ.
ಕಾರ್ಯಾಗಾರದ ಫೋಟೊಗಳಿವೆ,
ಎಲ್ಲದರಲ್ಲೂ ದೀಪ ಹಚ್ಚುವವರೇ.
ಎಂಟು ತಿಂಗಳ ಸಂಬಳ ಬಾಕಿಯಿರುವ ಅತಿಥಿ ಉಪನ್ಯಾಸಕಿ ಫಿಲೊಮಿನಾ
ಸ್ವಂತ ದುಡ್ಡಲ್ಲಿ ಫಾರ್ಮಲಿನ್ ತಂದ ಚೀಟಿ ಇದೆ.
ಅದನ್ನು ಲಗತ್ತಿಸಿದರೆ
ದಂಡ ಒಂದು ಕಡೆ ಇರಲಿ, ಮಾನ ಯಾರದು?

ಹುಡುಕುತ್ತ ಹಳೆಯ ಕಪಾಟು ತೆಗೆದರೆ
ಇಪ್ಪತ್ತೆರಡು ರಿಜಿಸ್ಟರು, ರಟ್ಟಿಗೆ ಸೀಗಡಿ ವಾಸನೆ.
ವಿಠೋಬಾ ತಾಂಡೇಲನ ಅಕ್ಷರ, ಬಲೆಯ ಗಂಟಿನ ಹಾಗೆ ಒತ್ತೊತ್ತಾಗಿ:
ತಾರೀಕು, ಹೊತ್ತು, ಭರತಿಯೋ ಇಳಿತವೋ,
ನೀರಿನ ಶಾಖ, ಉಪ್ಪು.
ಕಾಳಿ ಕಡಲಿಗೆ ಬೀಳುವಲ್ಲಿ ದಿನಾ ಬೆಳಿಗ್ಗೆ ಆರೂವರೆಗೆ
ಒಂದು ಬಕೆಟ್ಟು.
ಭಾನುವಾರವೂ, ದೀಪಾವಳಿಗೂ,
ಮಗಳು ಹುಟ್ಟಿದ ದಿನವೂ;
ಅಂಚಿನಲ್ಲಿ ಪೆನ್ಸಿಲ್ಲು: 'ಹೆಣ್ಣು. ಶಾಖ ೨೭.೪.'

ಮಂಜೂರಾದ ಹುದ್ದೆಗಳ ಪಟ್ಟಿಯಲ್ಲಿ ಅವನ ಹೆಸರಿಲ್ಲ.
ದಿನಗೂಲಿ. ಕೇಳಿದ ಕಲಮಿನೊಳಗೆ ಹಿಡಿಸದ ಮನುಷ್ಯ.

ಎಂಟನೇ ರಿಜಿಸ್ಟರು. ಜುಲೈ ಇಪ್ಪತ್ಮೂರರಿಂದ ಮೂವತ್ತೊಂದು.
ಶಾಖದ ಕೆಳಗೆ ಒಂದೇ ಶಬ್ದ, ಒಂಬತ್ತು ಸಲ:
ಅಳೆದಿಲ್ಲ.
ಥರ್ಮಾಮೀಟರ್ ಒಡೆದಿತ್ತು. ಹೊಸತಕ್ಕೆ ಬರೆದ ಅರ್ಜಿ
ಮೂರು ಮೇಜು ದಾಟುವಷ್ಟರಲ್ಲಿ ಆಗಸ್ಟು.
ಬಕೆಟ್ಟು ಮಾತ್ರ ತಪ್ಪದೆ ಇಳಿಸಿದ್ದಾನೆ:
'ನೀರು ಕೆಂಪು. ಕೆಸರು ಜಾಸ್ತಿ. ಸತ್ತ ತಾರಲೆ ಎರಡು.'
ಅಂದಾಜು ಬರೆಯಬಹುದಿತ್ತು. ಯಾರು ಕೇಳುತ್ತಿದ್ದರು?

ಆ ಜುಲೈ ನನಗೆ ಗೊತ್ತು.
ನನ್ನ ಪಿಎಚ್‌ಡಿಯ ನಾಲ್ಕನೇ ಅಧ್ಯಾಯದಲ್ಲಿ ಅದು
ಎಲ್ಲೂ ಕಡಿಯದೆ ಹರಿಯುತ್ತದೆ, ನುಣುಪಾದ ಗೆರೆ.
ಒಂಬತ್ತು ದಿನದ ಶಾಖವನ್ನು ನಾನೇ ಹುಟ್ಟಿಸಿದೆ,
ಹಾಸ್ಟೆಲ್ಲಿನ ಮಂಚದ ಮೇಲೆ ಕೂತು,
ಆಚೀಚಿನ ಅಂಕಿಗಳಿಗೆ ನೀರು ಬೆರೆಸಿ.
'ಅಚ್ಚುಕಟ್ಟು' ಎಂದು ಬರೆದಿದ್ದರು ಮಾರ್ಗದರ್ಶಕರು.
ವಿಭಾಗದ ಗೋಡೆಗೂ ಆ ಗೆರೆಯೇ ಏರಿತು.
ಈ ಕುರ್ಚಿಗೆ ನಾನೂ.

ತಂಡ ಬಂತು. ಮೂವರು. ಶಾಲು, ಏಲಕ್ಕಿ ಹಾರ, ಇಸ್ವಣದ ಊಟ.
ಅಧ್ಯಕ್ಷರು ಗೋಡೆಯ ನಕ್ಷೆಗೆ ಬೆರಳಿಟ್ಟು ನಡೆದರು
ವರ್ಷದಿಂದ ವರ್ಷಕ್ಕೆ, ಒಂದು ಕಡೆ ನಿಂತರು.
'ಇಲ್ಲೇನು, ಗೆರೆ ಕಡಿದಿದೆ?'
ಹಿಂದಿನ ರಾತ್ರಿ ಬ್ಲೇಡಿನಲ್ಲಿ ಕೆರೆದವಳು ನಾನು.
'ಅಳೆದಿಲ್ಲ ಸರ್' ಎಂದೆ.
ಕುಲಸಚಿವರು ಕೆಮ್ಮಿದರು.
ಅಧ್ಯಕ್ಷರು ಏನೋ ಬರೆದುಕೊಂಡರು. ಕಾಣಲಿಲ್ಲ.

ಶ್ರೇಣಿ ಬಂದದ್ದು ಮಳೆಗಾಲ ಮುಗಿದ ಮೇಲೆ.
ಮರುದಿನ ಆರೂವರೆಗೆ ದಂಡೆಗೆ ಹೋದೆ.
ದೇವಗಡದ ದೀಪ ಇನ್ನೂ ಆರಿರಲಿಲ್ಲ.
ಮೊಣಕಾಲು ನೀರಲ್ಲಿ ವಿಠೋಬಾ.
'ಎಷ್ಟು ಬಂತು ಬಾಯೇ?'
'ಬಿ ಪ್ಲಸ್.'
'ಹೋದ ಸಲಕ್ಕಿಂತ ಭರತಿಯೋ, ಇಳಿತವೋ?'
ಥಟ್ಟನೆ ಹೇಳಲಾಗಲಿಲ್ಲ.
ಅವನು ಕಾಯಲೂ ಇಲ್ಲ, ಬಕೆಟ್ಟಿನ ಹಿಡಿ ನನ್ನ ಕೈಗಿತ್ತ:
'ಅಲ್ಲಾಡಿಸಬೇಡಿ ಮತ್ತೆ. ಪಾದರಸ ನಿಲ್ಲಲಿಕ್ಕೆ
ಎರಡು ನಿಮಿಷ ಬೇಕು.'

ಹಿಡಿದುಕೊಂಡೆ. ಅವನು ಬಗ್ಗಿ ನೋಡುತ್ತಿದ್ದ.
ಭಾರ ಇತ್ತು.
ಚಪ್ಪಲಿಯೊಳಗೆ ನೀರು ಬಂದಿತ್ತು.